ಫಾರ್ವರ್ಡ್ ಇಲ್ಲದ ಪಟ್ಟಾಂಗ

ಮನುಷ್ಯನಿಗೆ ದಿನಕ್ಕೆ ಎಷ್ಟು ಸ್ವಂತ ಮಾತು ಬೇಕಾಗುತ್ತದೆ ಎಂದು ನೀವು ಯಾವಾಗಲಾದರೂ ಯೋಚಿಸಿದ್ದೀರಾ? ನಾನು ಯೋಚಿಸಿದ್ದೇನೆ. ಬಹಳ ಕಡಿಮೆ ಸಾಕು. ಬೆಳಿಗ್ಗೆ ಎದ್ದ ಕೂಡಲೇ ‘ಕಾಫಿ ಆಯ್ತಾ?’, ಅಂಗಡಿಯಲ್ಲಿ ಗಿರಾಕಿಗೆ ‘ಒಂದು ಸೈಡಾ, ಎರಡೂ ಸೈಡಾ?’, ಸಂಜೆ ಮನೆಗೆ ಬಂದು ‘ಏನು ಸಾರು?’ ಇಷ್ಟಿದ್ದರೆ ಒಬ್ಬ ಸಾಧಾರಣ ಗೃಹಸ್ಥನ ದಿನ ಯಾವ ಅಡ್ಡಿಯೂ ಇಲ್ಲದೆ ಸಾಗಿಹೋಗುತ್ತದೆ. ಮಿಕ್ಕ ಮಾತುಗಳನ್ನು ಆಗಲೇ ಯಾರೋ ಆಡಿ ಮುಗಿಸಿರುತ್ತಾರೆ. ನಾವು ಅವನ್ನು ಆ ಕಡೆಯಿಂದ ತೆಗೆದು ಈ ಕಡೆಗೆ ಇಟ್ಟರೆ ಆಯಿತು. ನಾನು ವಿಜಯನಗರದಲ್ಲಿ ಒಂದು ಪುಟ್ಟ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ಬೇರೆಯವರು ಬರೆದದ್ದನ್ನು ಒಂದಕ್ಷರವೂ ತಿದ್ದದೆ ಮತ್ತೊಬ್ಬರ ಕೈಗೆ ದಾಟಿಸುವುದೇ ನನ್ನ ಕಸುಬು. ಅಂಥವನು ಮೊಬೈಲಿನಲ್ಲೂ ಅದನ್ನೇ ಮಾಡಿಕೊಂಡು ಬಂದರೆ ಅದನ್ನು ವೃತ್ತಿನಿಷ್ಠೆ ಎನ್ನಬೇಕೇ ಹೊರತು ಸೋಮಾರಿತನ ಎನ್ನಬಾರದು. ನನ್ನ ಹೆಂಡತಿ ಸುಮಿತ್ರ ಮಾತ್ರ ಸೋಮಾರಿತನ ಎಂದೇ ಅನ್ನುತ್ತಾಳೆ. ಅವಳು ಯಾವ ಆ್ಯಪಿನಲ್ಲೂ ಇಲ್ಲ. ಫೋನಿರುವುದು ಮಾತಾಡುವುದಕ್ಕೆ, ಮಾತು ಮುಗಿದ ಮೇಲೆ ಅದನ್ನು ಫ್ರಿಜ್ಜಿನ ತಲೆಯ ಮೇಲೆ ಇಡುವುದಕ್ಕೆ ಎಂಬುದು ಅವಳ ಸಿದ್ಧಾಂತ.

ನಮ್ಮ ಬಂಧುಬಳಗದ ಒಂದು ಗುಂಪು ಇದೆ. ಹೆಸರು ‘ನಮ್ಮೋರು’. ಸುಮಾರು ನಲವತ್ತು ಜನ. ಆರು ವರ್ಷಗಳಿಂದ ಹಸಿರು ಬಣ್ಣದ ಆ್ಯಪಿನಲ್ಲಿ ಈ ನಲವತ್ತು ಜನ ಪ್ರತಿದಿನ ಒಬ್ಬರಿಗೊಬ್ಬರು ಗುಲಾಬಿ ಹೂವಿನ ಚಿತ್ರ, ಸೂರ್ಯೋದಯದ ಚಿತ್ರ, ನುಗ್ಗೆಸೊಪ್ಪಿನ ಮಹಿಮೆ, ತಾಮ್ರದ ಚೊಂಬಿನ ಮಹಿಮೆ, ಇವನ್ನೆಲ್ಲ ಕಳಿಸಿಕೊಂಡು ಪರಮ ಅನ್ಯೋನ್ಯವಾಗಿದ್ದೆವು. ಯಾರ ಮನೆಯಲ್ಲಿ ಏನಾಗುತ್ತಿದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಬೆಳಗಾದರೆ ಹೂವು ಮಾತ್ರ ಬರುತ್ತಿತ್ತು. ಈ ಗುಂಪಿಗೆ ಮಕುಟಪ್ರಾಯರು ನನ್ನ ಭಾವ ನಂಜುಂಡಯ್ಯನವರು. ನನ್ನ ಅಕ್ಕ ವನಜಾಳ ಗಂಡ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವರು. ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಸಣ್ಣ ಗೂಡಿನಲ್ಲಿ ಕುಳಿತು, ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆದು ಬರೆದು, ನಿವೃತ್ತಿಯಾದ ಮೇಲೂ ನಿಮಿಷ ಸೆಕೆಂಡುಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೆಂಗೇರಿ ಉಪನಗರದ ಅವರ ಮನೆಯಿಂದ ಬೆಳಿಗ್ಗೆ ಸರಿಯಾಗಿ ಐದು ಗಂಟೆಗೆ ಮೊದಲ ಶುಭೋದಯ ಹೊರಡುತ್ತಿತ್ತು. ಆಮೇಲೆ ಡಿಪೋದಿಂದ ಬಸ್ಸು ಬಿಟ್ಟಂತೆ ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಹಿತನುಡಿ. ಪ್ರತಿಯೊಂದಕ್ಕೂ ನಾನು ಕೈಮುಗಿದ ಚಿತ್ರ ಹಾಕಿ ‘ನೂರಕ್ಕೆ ನೂರು ಸತ್ಯ ಭಾವ’ ಎಂದು ಬರೆಯುತ್ತಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಆರು ವರ್ಷದಲ್ಲಿ ಒಂದನ್ನೂ ಓದಿದವನಲ್ಲ. ಒಮ್ಮೆ ಅವರ ಬೀದಿಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿಗೂ ‘ನೂರಕ್ಕೆ ನೂರು ಸತ್ಯ ಭಾವ’ ಎಂದೇ ಬರೆದೆ. ಸಾವು ಹೇಗೂ ಸತ್ಯವೇ ಆದ್ದರಿಂದ ಯಾರೂ ತಪ್ಪು ತಿಳಿಯಲಿಲ್ಲ.

ಹೀಗೆ ಸುಖವಾಗಿದ್ದ ಕಾಲದಲ್ಲಿ ನನ್ನ ಮಗಳು ಸಿಂಧು ಮನೆಗೆ ಒಂದು ಹೊಸ ಆ್ಯಪು ತಂದಳು. ಅವಳು ಕೊನೆಯ ವರ್ಷದ ಬಿ.ಸಿ.ಎ. ಓದುತ್ತಾ, ರಾಜಾಜಿನಗರದಲ್ಲಿ ಹಪ್ಪಳದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಒಂದು ಹೊಸ ಕಂಪನಿಗೆ ಕೆಲಸ ಕಲಿಯಲು ಹೋಗುತ್ತಿದ್ದಳು. ಆ ಕಂಪನಿಯವರು ಮಾಡಿದ್ದೇ ‘ಪಟ್ಟಾಂಗ’. ಹೆಸರು ಕೇಳಿ ನನಗೂ ಖುಷಿಯಾಯಿತು. ಪಟ್ಟಾಂಗ ಹೊಡೆಯುವುದು ನಮ್ಮ ವಂಶದ ವಿದ್ಯೆ.

“ಅಪ್ಪಾ, ಒಂದು ಹೆಲ್ಪ್ ಮಾಡ್ಬೇಕು. ಒಬ್ಬೊಬ್ರೂ ಮೂವತ್ತು ಜನಾನ ಸೇರಿಸ್ಬೇಕಂತೆ. ನಮ್ಮೋರು ಗುಂಪನ್ನ ಇದಕ್ಕೆ ಕರ್ಕೊಂಡು ಬಂದ್ಬಿಡಿ,” ಎಂದಳು.

“ಹಸಿರುದ್ರಲ್ಲಿ ಇಲ್ದೇ ಇರೋದು ಇದ್ರಲ್ಲಿ ಏನಿದೆಯಮ್ಮಾ?”

“ಅದ್ರಲ್ಲಿ ಇರೋದು ಇದ್ರಲ್ಲಿ ಇಲ್ಲ. ಅದೇ ಸ್ಪೆಷಲ್.”

ಅವಳು ಒಂದೊಂದಾಗಿ ವಿವರಿಸಿದಳು. ಮೊದಲನೆಯದಾಗಿ, ಪಟ್ಟಾಂಗದಲ್ಲಿ ಫಾರ್ವರ್ಡ್ ಇಲ್ಲ. ಇನ್ನೊಂದು ಕಡೆಯಿಂದ ಎತ್ತಿಕೊಂಡು ಬಂದು ಅಂಟಿಸಲೂ ಬರುವುದಿಲ್ಲ. ಏನೇ ಇದ್ದರೂ ಸ್ವಂತ ಬೆರಳಿನಿಂದ ಬರೆಯಬೇಕು, ಇಲ್ಲವೇ ಬಾಯಿಂದ ಹೇಳಬೇಕು. ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಇದನ್ನು ಕೇಳಿ ಜೆರಾಕ್ಸ್ ಅಂಗಡಿಯವನಾದ ನನಗೆ ಎದೆಯಲ್ಲಿ ಏನೋ ಹಿಂಡಿದಂತಾಯಿತು. ಎರಡನೆಯದಾಗಿ, ಹಸಿರಿನಲ್ಲಿ ಓದಿದರೋ ಇಲ್ಲವೋ ಎಂದು ಗೀಟು ಬೀಳುತ್ತದೆ, ಅಷ್ಟೇ. ಪಟ್ಟಾಂಗದಲ್ಲಿ ಎಷ್ಟು ಸೆಕೆಂಡು ನೋಡಿದರು ಎಂಬುದೇ ಬೀಳುತ್ತದೆ. ಮೂರನೆಯದು, ಹೆಬ್ಬೆಟ್ಟಿಲ್ಲ, ಹೃದಯವಿಲ್ಲ, ಕೈಮುಗಿಯುವ ಚಿತ್ರವೂ ಇಲ್ಲ. “ಮತ್ತೆ ನಾನು ಏನಂತ ಉತ್ತರ ಕೊಡ್ಲಿ?” ಎಂದೆ. “ಅನ್ಸಿದ್ದನ್ನ ಬರೀರಿ,” ಎಂದಳು. ಅನ್ನಿಸಬೇಕಲ್ಲ!

ಒಮ್ಮೆ ಕಳಿಸಿದ್ದನ್ನು ಅಳಿಸುವ ಸೌಕರ್ಯ ಬೇರೆಯವುಗಳಲ್ಲಿ ಇದೆ. ಇದರಲ್ಲಿ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನೇ ಹಿಡಿದು ಮಾಡಿದ್ದಾರಂತೆ. ಅದರ ಬದಲು ‘ತಪ್ಪಾಯ್ತು’ ಎಂಬ ಗುಂಡಿ ಇದೆ. ಒತ್ತಿದರೆ ನಿಮ್ಮ ಮಾತಿನ ಕೆಳಗೆ ‘ತಪ್ಪಾಯ್ತು’ ಎಂದು ಬೀಳುತ್ತದೆ. ಆ ಕಡೆಯವರಿಗೆ ಮನಸ್ಸು ಕರಗಿದರೆ ‘ಇರ್ಲಿ ಬಿಡಿ’ ಒತ್ತುತ್ತಾರೆ. ಎಲ್ಲಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಗುಂಪು ಬಿಡುವ ವಿಧಾನ. ಹಸಿರಿನಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಎದ್ದು ಹೋಗಿಬಿಡುತ್ತಾರೆ. ನಮ್ಮ ಕಡೆ ಯಾರಾದರೂ ಹಾಗೆ ಹೋಗುವುದುಂಟೇ? ಕೂತಲ್ಲೇ ಒಮ್ಮೆ ‘ಬರ್ತೀನಿ’ ಅನ್ನಬೇಕು, ಎದ್ದು ನಿಂತು ಒಮ್ಮೆ, ಚಪ್ಪಲಿ ಮೆಟ್ಟಿ ಒಮ್ಮೆ, ಗೇಟಿನ ಹತ್ತಿರ ಒಮ್ಮೆ. ಬಂದ ಕೆಲಸದ ನಿಜವಾದ ವಿಷಯ ಶುರುವಾಗುವುದು ಸ್ಕೂಟರಿಗೆ ಒಂದು ಕಾಲು ಹಾಕಿದ ಮೇಲೆಯೇ. ಪಟ್ಟಾಂಗದಲ್ಲಿಯೂ ಹಾಗೆಯೇ: ‘ಹೋಗ್ಬರ್ತೀನಿ’ ಒತ್ತಬೇಕು, ಗುಂಪಿನಲ್ಲಿ ಯಾರಾದರೂ ಒಬ್ಬರು ‘ಹೂಂ, ಬನ್ನಿ’ ಎನ್ನಬೇಕು. ಅಲ್ಲಿಯವರೆಗೆ ಹೋಗುವ ಹಾಗಿಲ್ಲ.

ಮಗಳಿಗೋಸ್ಕರ ನಲವತ್ತು ಜನರನ್ನೂ ಹೇಗೋ ಸಾಗಿಸಿಕೊಂಡು ಬಂದೆ. ಮೊದಲ ನಾಲ್ಕು ದಿನ ಒಬ್ಬರೂ ಉಸಿರೆತ್ತಲಿಲ್ಲ. ಗಂಡಿನ ಕಡೆಯವರು ಬರುವ ಮೊದಲಿನ ಛತ್ರದ ಹಾಗೆ ಎಲ್ಲರೂ ಸಾಲಾಗಿ ಸುಮ್ಮನೆ ಕೂತಿದ್ದರು. ಐದನೆಯ ದಿನ ಬಸವೇಶ್ವರನಗರದ ಶಾಂತ ಚಿಕ್ಕಮ್ಮ ‘ಇವತ್ತು ನಮ್ಮನೇಲಿ ಹುರುಳಿಕಾಳು ಬಸ್ಸಾರು. ಮುದ್ದೆ ಸ್ವಲ್ಪ ಗಂಟಾಯ್ತು’ ಎಂದು ಬರೆದರು. ಅಷ್ಟೇ ಸಾಕಾಯಿತು, ಕಟ್ಟೆ ಒಡೆದ ಹಾಗೆ ಮಾತು ಹರಿಯಿತು. ಗಂಟಾಗದ ಹಾಗೆ ಮುದ್ದೆ ತೊಳಸುವುದು ಹೇಗೆ ಎಂದು ಹದಿನೇಳು ಜನ ಬರೆದರು. ಒಬ್ಬರ ಮೊಣಕಾಲು ನೋವು ಇನ್ನೊಬ್ಬರಿಗೆ ಗೊತ್ತಾಯಿತು. ಯಾರದೋ ಮಗ ಎರಡನೇ ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದದ್ದು ಗೊತ್ತಾಗಿ ಎಲ್ಲರೂ ಸಮಾಧಾನ ಹೇಳಿದರು. ಆದರೆ ಇಷ್ಟು ಗಲಾಟೆಯ ನಡುವೆ ಒಬ್ಬರು ಮಾತ್ರ ಮೌನ. ಭಾವ. ಐದು ಗಂಟೆಯ ಬಸ್ಸು ನಿಂತೇಹೋಗಿತ್ತು. ಪಾಪ, ಆರು ವರ್ಷ ಕಂಡವರ ಮಾತನ್ನೇ ಸಾಗಿಸಿದವರು, ಸ್ವಂತದ್ದು ಹೊರಡಿಸಲಾರರು ಎಂದುಕೊಂಡೆ. ಹಾಗೆಂದುಕೊಂಡು ಸ್ವಲ್ಪ ಸಂತೋಷವನ್ನೂ ಪಟ್ಟೆ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಎರಡನೆಯ ವಾರ, ಗುರುವಾರ ಇರಬೇಕು, ಅಂಗಡಿಯಲ್ಲಿ ಮಕ್ಕಳ ಪ್ರಾಜೆಕ್ಟ್ ಹಾಳೆಗಳ ಗಲಾಟೆ. ‘ಅಂಕಲ್, ಮ್ಯಾಮ್ ಇವತ್ತೇ ಬೇಕು ಅಂದಿದಾರೆ’ ಎಂದು ಆರೇಳು ತಾಯಂದಿರು ಕೌಂಟರಿಗೆ ಒರಗಿ ನಿಂತಿದ್ದರು. ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಆ ಹೊತ್ತಿಗೆ ಪಟ್ಟಾಂಗದಲ್ಲಿ ಭಾವನಿಂದ ನನಗೊಬ್ಬನಿಗೇ ಒಂದು ಸಂದೇಶ ಬಂತು. ಬಹಳ ಉದ್ದವಿತ್ತು. ಅಂತೂ ಬಸ್ಸು ಮತ್ತೆ ಹೊರಟಿತು ಎಂದುಕೊಂಡು, ಅಭ್ಯಾಸಬಲದಿಂದ ‘ನೂರಕ್ಕೆ ನೂರು ಸತ್ಯ ಭಾವ’ ಎಂದು ಬರೆದು ಕಳಿಸಿ, ಕಾಗದ ಎಳೆಯುವ ಕೆಲಸಕ್ಕೆ ಮರಳಿದೆ.

ಆ ಭಾನುವಾರ ಭಾವನ ಹುಟ್ಟುಹಬ್ಬ. ಅದನ್ನು ನನಗೆ ನೆನಪಿಸಿದ್ದು ನೀಲಿ ಬಣ್ಣದ ಆ್ಯಪು. ಜ್ಞಾಪಕಶಕ್ತಿಯ ವಿಷಯದಲ್ಲಿ ಅದನ್ನು ಮೀರಿಸಿದ್ದು ಇಲ್ಲ. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು ಎದ್ದಿದ್ದೆ. ಸುಮಿತ್ರ ಅಡುಗೆಮನೆಯಲ್ಲಿ ರಾತ್ರಿಗೆಂದು ಸೀಮೆಬದನೆಕಾಯಿ ಪಲ್ಯ ಮಾಡುತ್ತಿದ್ದಳು. ಟೈಪು ಮಾಡಲು ಬೇಸರವಾಗಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ಸಭೆಯಲ್ಲಿ ಭಾಷಣ ಮಾಡುವವರ ಧಾಟಿಯಲ್ಲಿ ಶುರು ಮಾಡಿದೆ: “ಪೂಜ್ಯ ಭಾವನವರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ತಮ್ಮ ಮಾರ್ಗದರ್ಶನ ನಮಗೆಲ್ಲರಿಗೂ ಸದಾಕಾಲ ದೊರೆಯುತ್ತಿರಲಿ.” ಇಷ್ಟು ಹೇಳಿ, ಮುಂದೆ ಏನು ಹೇಳಲಿ ಎಂದು ಒಂದು ಗಳಿಗೆ ತಡೆದೆ. ಮಾತು ಬರೆದುಕೊಳ್ಳುವ ಗುಂಡಿಯ ಮೇಲಿನ ಬೆರಳು ಅಲ್ಲೇ ಇತ್ತು; ಬೆರಳೆತ್ತಿದರೆ ಕೇಳಿಸಿದ್ದೆಲ್ಲ ಹೊರಟುಹೋಗುತ್ತದೆ. ನಮ್ಮ ಗೋವಿಂದರಾಜನಗರದ ಬಾಡಿಗೆ ಮನೆ ಎಷ್ಟು ದೊಡ್ಡದೆಂದರೆ, ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ಹಾಲಿನಲ್ಲಿ ಕೂತವರು ಕಣ್ಣು ಮುಚ್ಚಿಕೊಳ್ಳಬೇಕು. ಬೆರಳೆತ್ತಿ ನೋಡಿದಾಗ ಗುಂಪಿನಲ್ಲಿ ನನ್ನ ಹೆಸರಿನ ಕೆಳಗೆ ಹೀಗೆ ಬಿದ್ದಿತ್ತು:

‘ಪೂಜ್ಯ ಭಾವನವರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ತಮ್ಮ ಮಾರ್ಗದರ್ಶನ ನಮಗೆಲ್ಲರಿಗೂ ಸದಾಕಾಲ ದೊರೆಯುತ್ತಿರಲಿ. ಇನ್ನೂ ದೊರೀಬೇಕೇನ್ರೀ ಐದು ಗಂಟೆಗೇ ಎದ್ದು ಊರಿಗೆಲ್ಲ ಬುದ್ಧಿ ಹೇಳ್ತಿದ್ರಲ್ಲ ಸಾಲ್ದೇ ಹೋಯ್ತಾ ಇದಕ್ಕೆ ಉಪ್ಪು ಹಾಕಿದ್ನೋ ಇಲ್ವೋ ಮರ್ತೇ ಹೋಯ್ತು.’

ಅಳಿಸೋಣವೆಂದರೆ ಅಳಿಸಲು ಬಾರದು. ‘ತಪ್ಪಾಯ್ತು’ ಒತ್ತಿದೆ. ಗಾಬರಿಯಲ್ಲಿ ಮೂರು ಸಲ ಒತ್ತಿದ್ದರಿಂದ ‘ತಪ್ಪಾಯ್ತು, ತಪ್ಪಾಯ್ತು, ತಪ್ಪಾಯ್ತು’ ಎಂದು ಬಿದ್ದು, ಕೆನ್ನೆ ಕೆನ್ನೆ ಬಡಿದುಕೊಂಡ ಹಾಗೆ ಕಾಣಿಸಿತು. ಶಾಂತ ಚಿಕ್ಕಮ್ಮ ಆಗಲೇ ‘ಉಪ್ಪು ಹಾಕಿದ್ರೆ ಗೊತ್ತಾಗುತ್ತೆ, ಒಂದು ಹೋಳು ಬಾಯಿಗೆ ಹಾಕ್ಕೊಂಡು ನೋಡು’ ಎಂದು ನನಗೆ ಸಲಹೆ ಕೊಟ್ಟಿದ್ದರು. ಅದರ ಕೆಳಗೆ: ‘ನಂಜುಂಡಯ್ಯ ಒಂದು ನಿಮಿಷ ಹನ್ನೆರಡು ಸೆಕೆಂಡು ನೋಡಿದ್ದಾರೆ.’ ಇನ್ನೂ ಸ್ವಲ್ಪ ಹೊತ್ತಿಗೆ: ‘ನಂಜುಂಡಯ್ಯ ಹೋಗ್ಬರ್ತೀನಿ ಅಂದಿದ್ದಾರೆ. ಯಾರಾದರೂ ಬನ್ನಿ ಅನ್ನಿ.’

ಯಾರು ಅನ್ನುತ್ತಾರೆ? ಮನೆಯ ಹಿರಿಯ ಅಳಿಯ ಸಿಟ್ಟು ಮಾಡಿಕೊಂಡು ಎದ್ದರೆ ‘ಹೂಂ, ಬನ್ನಿ’ ಎನ್ನುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗಿದೆ? ಒಬ್ಬರೂ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ತೆಗೆದು ನೋಡಿದರೆ ಗುಂಪಿನ ನೆತ್ತಿಯ ಮೇಲೆ ‘ನಂಜುಂಡಯ್ಯ ಬಾಗಿಲಲ್ಲಿ ನಿಂತಿದ್ದಾರೆ’ ಎಂದಿತ್ತು. ಮಂಗಳವಾರವೂ ನಿಂತಿದ್ದರು. ಅರವತ್ತೈದು ವರ್ಷದ ಮನುಷ್ಯರನ್ನು ಎರಡು ದಿನ ಬಾಗಿಲಲ್ಲಿ ನಿಲ್ಲಿಸಿಕೊಂಡು ನಾನು ಗಂಟಲಲ್ಲಿ ಮುದ್ದೆ ಇಳಿಸುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಪ್ರತಿ ಸೋಮವಾರ ತಪ್ಪದೆ ಫೋನು ಮಾಡುತ್ತಿದ್ದ ಅಕ್ಕ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ‘ಊಟ ಆಯ್ತೇನೋ’ ಎಂದು ಕೇಳುವವಳು ಅವಳೊಬ್ಬಳೇ. ಆ ಒಂದು ಪ್ರಶ್ನೆ ಬಾರದ ದಿನ ಉಂಡದ್ದು ಉಂಡ ಹಾಗೇ ಇರುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು.

“ಎಲ್ಲಾ ನಿನ್ನ ಬಾಯಿಂದ ಆಗಿದ್ದು,” ಎಂದೆ ಸುಮಿತ್ರಳಿಗೆ.

“ನನ್ನ ಅಡುಗೆಮನೇಲಿ ನನ್ನ ಪಾಡಿಗೆ ನಾನು ಮಾತಾಡ್ಕೊಂಡೆ. ಅದನ್ನ ಊರಿಗೆಲ್ಲ ಹಂಚಿದ್ದು ಯಾರು? ನಡೀರಿ, ಹೋಗಿ ಕಾಲಿಗೆ ಬಿದ್ದು ಬರೋಣ. ನಾನು ಬೀಳ್ತೀನಿ, ನೀವೂ ಬೀಳಿ,” ಎಂದಳು.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಎಳೆದು, ಹೂವು, ಬಾಳೆಹಣ್ಣು, ಭಾವನಿಗೆ ಇಷ್ಟವೆಂದು ಒಂದು ಪೊಟ್ಟಣ ಖಾರ ಕಡಲೆಬೀಜ ಹಿಡಿದು, ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಮೈಸೂರು ರಸ್ತೆ ನಿಲ್ದಾಣದವರೆಗೂ ನಾನು ಕ್ಷಮಾಪಣೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಎಲ್ಲ ವಾಕ್ಯಗಳೂ ಎಲ್ಲೋ ಓದಿದ ಹಾಗೆ ಇದ್ದವು. ‘ಕ್ಷಮೆ ಎಂಬುದು ದೊಡ್ಡವರ ಭೂಷಣ’ ಎಂದು ಶುರು ಮಾಡಿದರೆ ಹೇಗೆ ಎಂದು ಸುಮಿತ್ರಳನ್ನು ಕೇಳಿದೆ. “ಅದು ಅವರೇ ಕಳಿಸಿದ್ದು ಇರ್ಬೇಕು,” ಎಂದು ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಕೆಂಗೇರಿ ಬಂದಾಗ ನನ್ನ ಕೈಯಲ್ಲಿ ಬಾಳೆಹಣ್ಣು ಇತ್ತೇ ಹೊರತು ಬಾಯಲ್ಲಿ ಒಂದು ವಾಕ್ಯವೂ ಇರಲಿಲ್ಲ.

ಬಾಗಿಲು ತೆಗೆದದ್ದು ಅಕ್ಕ. ನಮ್ಮಿಬ್ಬರನ್ನೂ ಮೇಲಿಂದ ಕೆಳಗಿನವರೆಗೆ ನೋಡಿ, “ಓ, ಬಂದ್ರಾ? ನಿಮ್ಮ ಕಡೆ ಭಾನುವಾರ ಇವತ್ತೇನೋ?” ಎಂದಳು.

ನನಗೆ ಅರ್ಥವಾಗಲಿಲ್ಲ. ಒಳಗೆ ಭಾವ ಕುರ್ಚಿಯಲ್ಲಿ ಕೂತು ಪೇಪರು ಹಿಡಿದಿದ್ದರು, ಮುಖ ಕಾಣುತ್ತಿರಲಿಲ್ಲ. ನಾನು ಪೇಪರಿಗೇ ಹೇಳಿದೆ: “ಭಾವ, ಅವತ್ತು ಸುಮಿತ್ರ ಅಂದಿದ್ದು ತಪ್ಪಾಯ್ತು. ಅವಳು ಬೇಕು ಅಂತ ಅನ್ಲಿಲ್ಲ.” ಸುಮಿತ್ರ ನನ್ನ ಹಿಂದಿನಿಂದ, “ಅಣ್ಣ, ನನ್ನದು ಸ್ವಲ್ಪ ಬಾಯಿ ಜಾಸ್ತಿ. ಮನಸ್ಸಲ್ಲಿ ಇಟ್ಕೋಬೇಡಿ,” ಎಂದಳು.

ಪೇಪರು ಕೆಳಗಿಳಿಯಿತು. “ನೀನು ಅಂದಿದ್ದಕ್ಕೆ ನಂಗ್ಯಾಕಮ್ಮಾ ಬೇಜಾರು? ಓದಿ ಓದಿ ನಕ್ಕಿದೀನಿ. ಆರು ವರ್ಷದಲ್ಲಿ ನನ್ನ ಬಗ್ಗೆ ಆ ಗುಂಪಲ್ಲಿ ಬಂದ ಮೊದಲನೇ ನಿಜವಾದ ಮಾತು ಅದು,” ಎಂದರು ಭಾವ. ಆಮೇಲೆ ನನ್ನ ಕಡೆ ತಿರುಗಿದರು. “ನನಗೆ ಬೇಜಾರಾಗಿರೋದು ಇವನ ಮೇಲೆ.”

“ನಾನೇನು ಮಾಡ್ದೆ ಭಾವ?”

ಅವರು ತಮ್ಮ ಫೋನು ತೆಗೆದು, ನಾನು ಗುರುವಾರ ಅಂಗಡಿಯಲ್ಲಿ ನೋಡಿದ ಆ ಉದ್ದದ ಸಂದೇಶವನ್ನು ತೆರೆದು ನನ್ನ ಕೈಗಿಟ್ಟರು. “ಓದು.”

“ಜೋರಾಗಿ ಓದೋ,” ಎಂದಳು ಅಕ್ಕ. “ನನಗೂ ತೋರ್ಸಿಲ್ಲ. ಮೂರು ದಿನ ಕೂತ್ಕೊಂಡು ಒಂದೊಂದೇ ಅಕ್ಷರ ಕುಟ್ಟಿದಾರೆ. ನಿನ್ನ ತಮ್ಮನ್ನ ಊಟಕ್ಕೆ ಕರೆದಿದೀನಿ, ಒಬ್ಬಟ್ಟು ಮಾಡು ಅಂದ್ರು, ಅಷ್ಟೇ ನಂಗೆ ಗೊತ್ತಿರೋದು.”

ನಾನು ಓದಿದೆ. ಭಾವ ಬರೆದದ್ದು ಹೀಗಿತ್ತು:

‘ರಾಘು, ಇದನ್ನು ಗುಂಪಿನಲ್ಲಿ ಹಾಕುವ ಮುಂಚೆ ನಿನಗೆ ತೋರಿಸುತ್ತಿದ್ದೇನೆ. ನೀನು ದಿನಾ ಹಾಳೆಗಳ ನಡುವೆ ಇರುವವನು, ಚೆನ್ನಾಗಿದೆಯೋ ಇಲ್ಲವೋ ನಿನಗೆ ಗೊತ್ತಾಗುತ್ತದೆ. ನಾನು ನಿಮ್ಮಕ್ಕನನ್ನು ನೋಡಲು ಬಂದ ದಿನ ನಿನಗೆ ಹದಿನೈದು ವರ್ಷ ಇರಬೇಕು. ನಿಮ್ಮ ಮನೆಯಲ್ಲಿ ಉಪ್ಪಿಟ್ಟು ಕೊಟ್ಟರು. ನನಗೆ ಉಪ್ಪಿಟ್ಟು ಕಂಡರೆ ಆಗುವುದಿಲ್ಲ. ಬಿಟ್ಟರೆ ಅವಮಾನ, ತಿಂದರೆ ವಾಂತಿ. ತಟ್ಟೆ ಹಿಡಿದು ಬೆವರುತ್ತಿದ್ದೆ. ನೀನು ಬಂದು ಪಕ್ಕದಲ್ಲಿ ಕೂತು ‘ನಿಮಗೆ ಬೇಡ್ವಾ?’ ಎಂದು ಪಿಸುಗುಟ್ಟಿ, ಯಾರೂ ನೋಡದ ಹಾಗೆ ನನ್ನ ತಟ್ಟೆಯನ್ನೂ ಖಾಲಿ ಮಾಡಿದೆ. ನಿಮ್ಮಪ್ಪ ಬಂದು ನೋಡಿ ‘ಹುಡುಗ ಸಂಕೋಚವಿಲ್ಲದೆ ಉಣ್ಣುತ್ತಾನೆ, ಒಳ್ಳೇ ಮನಸ್ಸು’ ಎಂದರು. ಆ ಮಾತಿನ ಮೇಲೆ ಸಂಬಂಧ ಕುದುರಿತು. ನನ್ನ ಸಂಸಾರ ನಿಂತಿರುವುದು ನಿನ್ನ ಹೊಟ್ಟೆಬಾಕತನದ ಮೇಲೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಯಾರೂ ನನ್ನ ಸ್ವಂತ ಮಾತು ಕೇಳಿರಲಿಲ್ಲ. ಈ ಆ್ಯಪು ಕೇಳಿತು, ಅದಕ್ಕೆ ಬರೆದೆ. ಬರುವ ಭಾನುವಾರ ನನ್ನ ಹುಟ್ಟುಹಬ್ಬ. ನೀವು ಮೂವರೂ ಮಧ್ಯಾಹ್ನ ಊಟಕ್ಕೆ ಬನ್ನಿ. ಅವತ್ತಿನ ಉಪ್ಪಿಟ್ಟಿಗೆ ಬದಲಾಗಿ ಒಬ್ಬಟ್ಟು. ಬರುತ್ತೀಯ ತಾನೇ?’

ಇದರ ಕೆಳಗೆ ನನ್ನ ಉತ್ತರ: ‘ನೂರಕ್ಕೆ ನೂರು ಸತ್ಯ ಭಾವ.’ ಅದರ ಕೆಳಗೆ ಪಟ್ಟಾಂಗ ತನ್ನ ಕಡೆಯಿಂದ ಸೇರಿಸಿತ್ತು: ‘ರಾಘು ಮೂರು ಸೆಕೆಂಡು ನೋಡಿದ್ದಾರೆ.’

“ಮೂರು ಗಂಟೆವರೆಗೂ ಎಲೆ ಹಾಕ್ಕೊಂಡು ಕಾದ್ವಿ,” ಎಂದರು ಭಾವ. “ಆಮೇಲೆ ನಿನ್ನ ಭಾಷಣ ಬಂತು. ಪೂಜ್ಯ ಭಾವನವರಿಗೆ ಅಂತ. ಪೂಜ್ಯ ಅನ್ನೋದನ್ನ ನೋಡಿದ ಮೇಲೆ ಇವನು ಬರಲ್ಲ ಅಂತ ಗೊತ್ತಾಯ್ತು.”

ನನಗೆ ನೆಲ ನೋಡುವುದೂ ಕಷ್ಟವಾಯಿತು, ಏಕೆಂದರೆ ನೆಲದ ಮೇಲೆ ನಾವು ತಂದ ಬಾಳೆಹಣ್ಣಿತ್ತು. ಹೆಂಡತಿಯನ್ನು ಕಾಲಿಗೆ ಬೀಳಿಸಲು ಕರೆದುಕೊಂಡು ಬಂದವನು ನಾನು, ಬೀಳಬೇಕಾದವನೂ ನಾನೇ. “ಭಾವ...” ಎಂದೆ. ಕಣ್ಣಿನಲ್ಲಿ ನೀರು ಬಂತು. ಅಷ್ಟರಲ್ಲಿ ಅಕ್ಕ ಅಡುಗೆಮನೆಯ ಬಾಗಿಲಿಂದ ಎರಡು ಹೆಜ್ಜೆ ಮುಂದೆ ಬಂದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ.

“ಏನ್ರೀ? ಉಪ್ಪಿಟ್ಟು ಕಂಡ್ರೆ ಆಗಲ್ವಾ ನಿಮಗೆ?”

ಭಾವ ಪೇಪರು ಹುಡುಕಿದರು. ಸುಮಿತ್ರ ಅದನ್ನು ಮಡಚಿ ಕೈಯಲ್ಲಿ ಹಿಡಿದಿದ್ದಳು.

“ಮೂವತ್ತೇಳು ವರ್ಷದಿಂದ ವಾರಕ್ಕೆ ಎರಡು ಸಲ ಮಾಡಿ ಹಾಕ್ತಾ ಇದೀನಲ್ರೀ! ಮಂಗಳವಾರ, ಶುಕ್ರವಾರ! ನೀವು ತಿಂತಾನೂ ಇದೀರಲ್ರೀ!”

“ನೀನು ಯಾವತ್ತೂ ಕೇಳ್ಲಿಲ್ಲ... ನಾನೂ ಹೇಳ್ಲಿಲ್ಲ,” ಎಂದರು ಭಾವ, ಸಣ್ಣ ಧ್ವನಿಯಲ್ಲಿ. “ನಿಮ್ಮಪ್ಪ ಸಂಕೋಚ ಇಲ್ದೇ ತಿಂತಾನೆ ಅಂದ್ಬಿಟ್ಟಿದ್ರಲ್ಲ. ಉಳಿಸ್ಕೋಬೇಕಲ್ವಾ?”

ಮೊದಲು ನಕ್ಕವಳು ಸುಮಿತ್ರ. ಅವಳ ನಗು ಒಮ್ಮೆ ಹೊರಟರೆ ನಿಲ್ಲುವಂಥದ್ದಲ್ಲ. ಗೋಡೆ ಹಿಡಿದುಕೊಂಡು ಕೂತುಬಿಟ್ಟಳು. ಅಕ್ಕ ಸಿಟ್ಟಿನ ಮುಖವನ್ನು ಹಾಗೇ ಇಟ್ಟುಕೊಳ್ಳಲು ಎಷ್ಟೋ ಪ್ರಯತ್ನಪಟ್ಟು, ಕೊನೆಗೆ ಸೆರಗು ಬಾಯಿಗೊತ್ತಿಕೊಂಡಳು. ಭಾವ ನಕ್ಕರು. ನಾನು ಅಳುತ್ತಾ ಇದ್ದವನು ಅಲ್ಲಿಂದಲೇ ನಗುವಿಗೆ ತಿರುಗಿಕೊಂಡೆ. ಪಕ್ಕದ ಮನೆಯವರು ಬಂದು “ಏನಾಯ್ತು ಆಂಟಿ?” ಎಂದು ಕೇಳಿಕೊಂಡು ಹೋದರು.

“ಹೂರಣ ಇನ್ನೂ ಫ್ರಿಜ್ಜಲ್ಲಿದೆ. ನೀನು ಬರ್ಲಿಲ್ಲ ಅನ್ನೋ ಸಿಟ್ಟಿಗೆ ನಾನು ಒಂದನ್ನೂ ತಟ್ಲಿಲ್ಲ, ಇವರೂ ಕೇಳ್ಲಿಲ್ಲ,” ಎಂದಳು ಅಕ್ಕ. ಸುಮಿತ್ರ ಕಣ್ಣೊರೆಸಿಕೊಂಡು, “ಕಣಕ ಕಲಸಿ ಕೊಡಿ ಅಕ್ಕಾ, ನಾನು ತಟ್ತೀನಿ,” ಎಂದು ಎದ್ದಳು. ನಾನು ಭಾವನ ಎದುರಿಗೇ ಕೂತು, ಅವರು ಬರೆದದ್ದನ್ನು ಇನ್ನೊಮ್ಮೆ, ನಿಧಾನವಾಗಿ, ತುಟಿ ಅಲ್ಲಾಡಿಸದೆ ಓದಿದೆ. ಆ ಉಪ್ಪಿಟ್ಟು ನನಗೆ ನೆನಪೇ ಇರಲಿಲ್ಲ. ನಾನು ಒಬ್ಬರ ಬಾಳಿನಲ್ಲಿ ಇಷ್ಟು ಮುಖ್ಯವಾದ ಕೆಲಸ ಮಾಡಿದ್ದೇನೆ ಎಂದು ನನಗೆ ಯಾರೂ ಹೇಳಿರಲಿಲ್ಲ; ಹೇಳಿದಾಗ ನಾನು ಮೂರು ಸೆಕೆಂಡು ಕೊಟ್ಟಿದ್ದೆ. “ಭಾವ, ತುಂಬ ಚೆನ್ನಾಗಿದೆ. ಇದನ್ನ ಹಾಗೇ ಹಾಕಿ,” ಎಂದೆ. “ಬೆವರುತ್ತಿದ್ದೆ ಅನ್ನೋದನ್ನ ತೆಗೀಲಾ?” ಎಂದು ಕೇಳಿದರು. “ಬೇಡ. ಅದೇ ಚೆನ್ನಾಗಿರೋದು,” ಎಂದೆ. ಅವರ ಮುಖ ಹಣತೆ ಹಚ್ಚಿದ ಹಾಗಾಯಿತು. ಪಟ್ಟಾಂಗ ತೆಗೆದು ನನ್ನ ಮೂರು ‘ತಪ್ಪಾಯ್ತು’ಗಳಿಗೂ ಮೂರು ‘ಇರ್ಲಿ ಬಿಡಿ’ ಒತ್ತಿದರು. ಅವರು ಅಲ್ಲಿ ಇನ್ನೂ ಬಾಗಿಲಲ್ಲೇ ನಿಂತಿದ್ದರಲ್ಲ, ಏನು ಮಾಡಬೇಕೋ ತಿಳಿಯದೆ ಸಿಂಧುಗೆ ಫೋನು ಮಾಡಿದೆ. “ಬನ್ನಿ ಅನ್ನೋದ್ರ ಪಕ್ಕ ‘ಒಳಗೆ ಬನ್ನಿ’ ಅಂತ ಇದೆ ಅಪ್ಪ, ಅದನ್ನ ಒತ್ತಿ,” ಎಂದಳು. ಭಾವನ ಮನೆಯಲ್ಲಿ, ಭಾವನ ಕುರ್ಚಿಯ ಪಕ್ಕದಲ್ಲಿ ಕೂತು, ಭಾವನಿಗೆ ‘ಒಳಗೆ ಬನ್ನಿ’ ಎಂದೆ. ಎತ್ತಿ ಅಂಟಿಸಲು ಬಾರದಾದ್ದರಿಂದ ಅವರು ಬರೆದದ್ದನ್ನು ಬಾಯಿಂದಲೇ ಓದಿ ಹೇಳಿದರು. ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಹೊತ್ತಿಗೆ ಅವರ ಉಪ್ಪಿಟ್ಟಿನ ಕಥೆ ಗುಂಪಿನಲ್ಲಿ ಬಿದ್ದಿತ್ತು, ನಲವತ್ತು ಮನೆಗಳಲ್ಲಿ ನಗು ಎದ್ದಿತ್ತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಭಾವನಿಗೆ ಬಂದ ಮೆಚ್ಚುಗೆ ನೋಡಿ ನನಗೂ ಸ್ವಂತ ಮಾತಿನ ಚಪಲ ಹತ್ತಿತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ನಾಲ್ಕು ದಿನ ಬರೆದೆ. ಬಾಲ್ಯ, ಅಮ್ಮನ ಕೈರುಚಿ, ಬಂಧುಗಳೆಂದರೆ ಏನು, ಎಲ್ಲ ಬಂತು. ಕೊನೆಗೆ ಹೇಗೆ ಮುಗಿಸಬೇಕೋ ತಿಳಿಯದೆ, ಬರವಣಿಗೆಯ ರಭಸದಲ್ಲಿ ‘ಬರುವ ಭಾನುವಾರ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬನ್ನಿ, ಕಾಯುತ್ತಿರುತ್ತೇನೆ’ ಎಂದು ಬರೆದು ಕಳಿಸಿದೆ. ಸುಮಿತ್ರಳಿಗೆ ಹೇಳಲಿಲ್ಲ. ಅಷ್ಟು ಉದ್ದದ್ದನ್ನು ಕೊನೆಯವರೆಗೆ ಯಾರು ಓದುತ್ತಾರೆ? ಜನ ಹೇಗೆ ಓದುತ್ತಾರೆ ಎಂಬುದು ನನ್ನನ್ನು ನೋಡಿದರೆ ನನಗೇ ಗೊತ್ತಿತ್ತು. ಕೆಳಗೆ ಬಹಳ ಜನ ‘ಖಂಡಿತ’ ಎಂದು ಬರೆದಿದ್ದರು. ಆ ‘ಖಂಡಿತ’ವನ್ನು ನನ್ನ ‘ನೂರಕ್ಕೆ ನೂರು ಸತ್ಯ’ದ ಒಡಹುಟ್ಟು ಎಂದುಕೊಂಡು ನೆಮ್ಮದಿಯಾಗಿ ಮಲಗಿದೆ. ಸಿಂಧು ಓದಿದ್ದಳಂತೆ. ಅಪ್ಪ ಅಮ್ಮನಿಗೆ ಹೇಳಿರುತ್ತಾರೆ ಎಂದು ಸುಮ್ಮನಿದ್ದಳಂತೆ.

ಭಾನುವಾರ ಹನ್ನೆರಡೂವರೆಗೆ ಮೊದಲು ಬಂದವರು ಭಾವ ಮತ್ತು ಅಕ್ಕ; ಭಾವ ಟೈಮ್ ಕೀಪರಲ್ಲವೇ. ಅವರ ಹಿಂದೆ ಶಾಂತ ಚಿಕ್ಕಮ್ಮ, ಅವರ ಹಿಂದೆ ಡ್ರೈವಿಂಗ್ ಪರೀಕ್ಷೆಯ ಹುಡುಗನನ್ನು ಕರೆದುಕೊಂಡು ಅವನ ಅಪ್ಪ ಅಮ್ಮ, ಅವರ ಹಿಂದೆ ನಾನು ಮದುವೆಗಳಲ್ಲಿ ಮಾತ್ರ ನೋಡಿದ್ದ ಮುಖಗಳು. ಒಂದು ಗಂಟೆಯ ಹೊತ್ತಿಗೆ ಹಾಲು ತುಂಬಿ, ರೂಮು ತುಂಬಿ, ಮೆಟ್ಟಿಲ ಮೇಲೆ ಒಂದೊಂದರಲ್ಲೂ ಇಬ್ಬಿಬ್ಬರು ಕೂತಿದ್ದರು. ಮನೆಯಲ್ಲಿ ಮೂರು ಜನಕ್ಕೆ ಆಗುವಷ್ಟು ಬೇಳೆಸಾರು ಇತ್ತು. ಹೆಂಗಸರೆಲ್ಲ ಒಂದು ಮಾತೂ ಕೇಳದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದರು. ಭಾವ ಈರುಳ್ಳಿ ಹೆಚ್ಚಲು ಕೂತರು. ಮಾಲೀಕರ ಮನೆಯಿಂದ ದೊಡ್ಡ ಪಾತ್ರೆ ಬಂತು. ಎಲ್ಲರೂ ನನ್ನ ಬರವಣಿಗೆಯನ್ನು ಹೊಗಳಿದರು. ಪ್ರತಿಯೊಬ್ಬರೂ ಕೊನೆಯ ಸಾಲಿನವರೆಗೆ ಓದಿದ್ದರು.

ಸುಮಿತ್ರ ಅಡುಗೆಮನೆಯ ಬಾಗಿಲಿಗೆ ಬಂದು, ಕೈಯಲ್ಲಿ ಸೌಟು ಹಿಡಿದು, ನಗಲೂ ಆಗದೆ ಬಯ್ಯಲೂ ಆಗದೆ ನನ್ನನ್ನು ನೋಡಿದಳು. “ನಿಮ್ಗೆ ಯಾಕ್ರೀ ಬೇಕಿತ್ತು ಸ್ವಂತ ಮಾತು? ಸುಮ್ನೆ ಗುಲಾಬಿ ಹೂವು ಕಳಿಸ್ಕೊಂಡು ಇದ್ದಿದ್ರೆ ಆಗ್ತಿರ್ಲಿಲ್ವಾ? ಹೋಗಿ, ಐದು ಕೇಜಿ ಅಕ್ಕಿ ತಗೊಂಡ್ಬನ್ನಿ.”

ಚೀಲ ಹಿಡಿದು, ಮೆಟ್ಟಿಲ ಮೇಲಿನವರ ಮೊಣಕಾಲುಗಳನ್ನು ದಾಟಿಕೊಂಡು ಕೆಳಗಿಳಿದೆ. ಗೇಟಿನ ಹತ್ತಿರ ಆಟೋದಿಂದ ಇನ್ನೂ ನಾಲ್ಕು ಜನ ಇಳಿಯುತ್ತಿದ್ದರು. ಭಾವನ ಕಡೆಯ ನೆಂಟರು, ಗುಂಪಿನಲ್ಲೂ ಇಲ್ಲದವರು. ಹಿರಿಯರೊಬ್ಬರು ಕೋಲು ಊರಿಕೊಂಡು, “ಏನಪ್ಪಾ ರಾಘು, ತಡವಾಗೋಯ್ತಾ? ಊಟ ಎಲ್ಲಾ ಮುಗೀತಾ?” ಎಂದರು.

“ಇಲ್ಲ ಇಲ್ಲ, ನಿಮಗೋಸ್ಕರಾನೇ ಕಾಯ್ತಾ ಇದ್ವಿ. ಬನ್ನಿ ಬನ್ನಿ,” ಎಂದೆ, ಖಾಲಿ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು.

ಆ ದಿನ ನಾನು ಆಡಿದ ಮಾತುಗಳಲ್ಲಿ ಸ್ವಂತದ್ದಲ್ಲದ್ದು ಅದೊಂದೇ. ಅದು ನನಗೆ ನಮ್ಮಪ್ಪನಿಂದ ಬಂದದ್ದು, ಅವರಿಗೆ ಅವರಪ್ಪನಿಂದ ಬಂದದ್ದು. ಒಂದಕ್ಷರವೂ ತಿದ್ದದೆ ದಾಟಿಸಿದೆ.